ದಿನಕ್ಕೊಂದು ವಾಕ್ಯ

ಬೆಂಗಳೂರು
11 ನವೆಂಬರ್ 2024

ಮುಂದೆ ಎಂದಾದರೂ ಸೌಭಾಗ್ಯವತಿ ಆಗಲಿರುವ ನನ್ನ ಅಕ್ಕನ ಮಗಳು ಶಾಲಿನಿಗೆ, ನಿನ್ನ ಸೋದರಮಾವ ಸಿದ್ದರಾಜು ಆಸ್ಪತ್ರೆಯ ಮಂಚದ ಮೇಲೆ ಚಕ್ಕಳಮಕ್ಕಳ ಕೂತು ಬರೆಯುವುದು.

ಫೋನ್ ಇರುವಾಗ ಇವನಿಗೇಕೆ ಕಾಗದದ ಹುಚ್ಚು ಎನ್ನುತ್ತೀಯ. ಫೋನ್ ಮಾಡಿದರೆ ನಿನ್ನ ಅವ್ವ ನನ್ನ ದನಿ ಕೇಳುತ್ತಲೇ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಹನ್ನೊಂದು ವರ್ಷದಿಂದ ಹೋಗುತ್ತಲೇ ಇದ್ದಾಳೆ. ಕಾಗದವಾದರೆ ನೀನು ಗಟ್ಟಿಯಾಗಿ ಓದಬಹುದು, ನಿಮ್ಮ ಅಡುಗೆಮನೆಗೆ ಬಾಗಿಲಿಲ್ಲ. ನಾನು ಬರೆದದ್ದನ್ನು ನಿನ್ನ ಅತ್ತೆ ಮಂಗಳಗೌರಿ ಫೋಟೊ ಹೊಡೆದು ಕಳಿಸುತ್ತಾಳೆ. ನೀನೂ ಕೈಯಲ್ಲೇ ಬರೆದು ಹಾಗೇ ಕಳಿಸು. ನಾನು ಏಳನೇ ಕ್ಲಾಸಿನವನು, ನೀನು ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುವವಳು. ಅಕ್ಷರ ಯಾರದು ದುಂಡಗಿದೆ ನೋಡೋಣ.

ಎರಡು ಸುತ್ತು ಕೀಮೋ ಕೊಟ್ಟರೂ ಈ ರಕ್ತದ ಕ್ಯಾನ್ಸರ್ ಜಗ್ಗಲಿಲ್ಲ. ಜಗ್ಗದಿರುವುದು ನಮ್ಮ ಮನೆತನದ ಗುಣ, ನನ್ನೊಳಗೆ ಹುಟ್ಟಿದ್ದಕ್ಕೂ ಅದೇ ಬಂದಿದೆ. ಹಾಗಾಗಿ ಡಾಕ್ಟರ್ ನಂದಿತಾ ಎಂಬ ಹುಡುಗಿ (ನಲವತ್ತು ದಾಟಿರಬೇಕು, ನನಗೆ ಹುಡುಗಿಯೇ) ಹೊಸ ಚಿಕಿತ್ಸೆಯೊಂದನ್ನು ಹೇಳಿದಳು. ನಮ್ಮ ರಕ್ತದಲ್ಲಿ ಕಾವಲು ಕಾಯುವ ಕಣಗಳಿವೆಯಂತೆ. ಕ್ಯಾನ್ಸರ್ ಕಣ ಅವುಗಳ ಮುಂದೆಯೇ ಓಡಾಡಿದರೂ, ಮನೆಯವನೇ ಇರಬೇಕು ಎಂದು ಬಿಟ್ಟುಬಿಡುತ್ತವಂತೆ. ಆ ಕಾವಲಿನವನ್ನು ಹೊರಗೆ ತೆಗೆದು, ಲ್ಯಾಬಿಗೆ ಒಯ್ದು, ಕಳ್ಳನ ಗುರುತು ಹಿಡಿಯುವ ಹಾಗೆ ತಿದ್ದಿ, ನೂರಕ್ಕೆ ಲಕ್ಷ ಮಾಡಿ ವಾಪಸು ನನ್ನ ಮೈಗೇ ಬಿಡುತ್ತಾರೆ. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ನೂರಾರು ಜನರನ್ನು ಜರಡಿ ಹಿಡಿದು ನನ್ನನ್ನು ಆರಿಸಿದ್ದಾರೆ. ನನ್ನ ನಂಬರು ಹದಿನೇಳು.

ಇವತ್ತು ತೆಗೆದರು. ಒಂದು ಕೈಯಿಂದ ರಕ್ತ ಮಿಷನ್ನಿಗೆ ಹೋಗಿ, ಬೇಕಾದ್ದನ್ನು ಅದು ಹಿಡಿದುಕೊಂಡು, ಉಳಿದದ್ದು ಇನ್ನೊಂದು ಕೈಗೆ ಬಂತು. ನಾಲ್ಕು ಗಂಟೆ ಹಿಡಿಯಿತು. ನನ್ನ ನರ ನೋಡಲು ಪಕ್ಕದ ವಾರ್ಡಿನ ಸಿಸ್ಟರುಗಳೆಲ್ಲ ಬಂದಿದ್ದರು. ಇಂಥ ನರ ಅವರು ಕಂಡಿಲ್ಲವಂತೆ.

ಇಂತಿ ನಿನ್ನ ಮಾವ,
ಕಬಿನಿಯಿಂದ ಕಾವೇರಿಯವರೆಗೆ ಬೆಲ್ಲದ ಹದಕ್ಕೆ ಹೆಸರಾದ
ಸಿದ್ದರಾಜು


ತಿ. ನರಸೀಪುರ
14 ನವೆಂಬರ್ 2024

ಮಾವ,

ಅಕ್ಷರ ನಿನ್ನದೇ ದುಂಡಗಿದೆ, ಒಪ್ಪಿದೆ.

ಅತ್ತೆಗೆ ಫೋನ್ ಮಾಡಿ ಕೇಳಿದೆ. ನೂರಾರು ಜನರನ್ನು ಜರಡಿ ಹಿಡಿದದ್ದೇನೂ ಇಲ್ಲವಂತೆ. ನಿನಗೆ ಕೊಡಲು ಬೇರೆ ಔಷಧಿ ಉಳಿದಿಲ್ಲ, ಇದೊಂದೇ ದಾರಿ ಎಂದು ಡಾಕ್ಟರು ಕೂರಿಸಿ ಹೇಳಿದರಂತೆ. ನಿನಗಿಂತ ಮುಂಚಿನ ಹದಿನಾರು ಜನರಲ್ಲಿ ಕೆಲವರಿಗೆ ಹತ್ತಿದೆ, ಕೆಲವರಿಗೆ ಹತ್ತಿಲ್ಲ ಎಂದೂ ಹೇಳಿದರಂತೆ. ಸಿಸ್ಟರುಗಳು ಬಂದದ್ದು ನಿನ್ನ ನರ ಸಿಗದೆ ಹುಡುಕಲು. ಇವನ್ನೆಲ್ಲ ನನಗೆ ನೀನೇ ಹೇಳಬಹುದಿತ್ತು. ನಾನು ಚಿಕ್ಕವಳಲ್ಲ.

ನಿನ್ನ ಕಾಗದವನ್ನು ಗಟ್ಟಿಯಾಗಿಯೇ ಓದಿದೆ. ಅವ್ವ ಒಲೆಯ ಮುಂದಿದ್ದಳು, ತಿರುಗಿ ನೋಡಲಿಲ್ಲ. ಆದರೆ ಸಾರಿನ ಒಗ್ಗರಣೆ ಸೀದು ಹೋಯಿತು. ನನಗೆ ತಿಳಿದಂತೆ ಅವ್ವನ ಕೈಯಲ್ಲಿ ಏನೂ ಸೀದದ್ದಿಲ್ಲ.

ಆಸ್ಪತ್ರೆಯವರು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳು ಮಾವ. ಅದು ಆಲೆಮನೆ ಜಗಲಿಯಲ್ಲ.

ಶಾಲಿನಿ


ಬೆಂಗಳೂರು
10 ಡಿಸೆಂಬರ್ 2024

ನನ್ನ ತಪ್ಪು ಹುಡುಕುವುದಕ್ಕೇ ಸರ್ಕಾರ ಸಂಬಳ ಕೊಡುತ್ತಿರುವ ಶಾಲಿನಿಗೆ,

ಲ್ಯಾಬಿಗೆ ಹೋಗಿದ್ದ ನನ್ನ ಕಾವಲಿನವರು ನಿನ್ನೆ ವಾಪಸು ಬಂದರು. ಅವರು ಬರುವ ಮೊದಲು ಮೂರು ದಿನ ಕೀಮೋ ಕೊಟ್ಟು ಮೈಯೊಳಗೆ ಜಾಗ ಖಾಲಿ ಮಾಡಿಸಿದ್ದರು. ಹೊಗೆಯಾಡುವ ತಣ್ಣನೆಯ ಡ್ರಮ್ಮಿನಿಂದ ಒಂದು ಪುಟ್ಟ ಚೀಲ ಎತ್ತಿದರು. ಒಂದು ಲೋಟ ಕಾಫಿಯಷ್ಟೂ ಇರಲಿಲ್ಲ. ಹತ್ತೇ ನಿಮಿಷ, ಒಳಗೆ ಹೋಯಿತು. ಬಾಯಿ ತುಂಬ ಬೆಳ್ಳುಳ್ಳಿ ವಾಸನೆ ಬಂತು. ಇದಕ್ಕಾಗಿಯೇ ಒಂದು ತಿಂಗಳು ಕಾದದ್ದಾ ಎಂದು ನಿನ್ನ ಅತ್ತೆ ಮುಖ ನೋಡಿದಳು.

ಇಲ್ಲಿ ಶಿವು ಎಂಬ ನರ್ಸ್ ಇದ್ದಾನೆ. ಬನ್ನೂರಿನವನು, ಮೂವತ್ತು ವರ್ಷವಿರಬೇಕು, ಮೀಸೆ ನನ್ನದರಷ್ಟು ಚೆನ್ನಾಗಿಲ್ಲ. ದಿನಾ ಬೆಳಿಗ್ಗೆ ಬಂದು ಪರೀಕ್ಷೆ ಮಾಡುತ್ತಾನೆ. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಯಾವ ಆಸ್ಪತ್ರೆ. ಪೆನ್ನು, ಗಡಿಯಾರ, ಗುಂಡಿ ತೋರಿಸಿ ಇದೇನು ಎನ್ನುತ್ತಾನೆ. ನಾಲಿಗೆ ಹೊರಚಾಚು ಎನ್ನುತ್ತಾನೆ. ನೂರರಿಂದ ಹತ್ತು ಹತ್ತು ಕಳೆದುಕೊಂಡು ಕೆಳಗೆ ಬರಬೇಕು. ಕೊನೆಗೆ ಒಂದು ವಾಕ್ಯ ಬರೆಯಬೇಕು. ಒಟ್ಟು ಹತ್ತು ಅಂಕ. ಈ ಕಾವಲಿನ ಕಣಗಳು ಜೋರಾಗಿ ಕೆಲಸ ಮಾಡುವಾಗ ಕೆಲವರಿಗೆ ತಲೆಯ ಮೇಲೂ ಪೆಟ್ಟು ಬೀಳುತ್ತದಂತೆ. ಅದು ಮೊದಲು ಮಾತಿನಲ್ಲಿ, ಬರಹದಲ್ಲಿ ತಿಳಿಯುತ್ತದಂತೆ.

ನಿನ್ನೆ ನಾನು ಬರೆದ ವಾಕ್ಯ: ‘ಹದಿನೆಂಟನೇ ವಯಸ್ಸಿಗೆ ನಾನು ಒಂದೇ ದಿನ ಐದು ಕೊಪ್ಪರಿಗೆ ಬೆಲ್ಲ ಇಳಿಸಿದ್ದೇನೆ.’ ಶಿವು ಓದಿ, “ವಾಕ್ಯ ಕೇಳ್ದೆ ಸಾ, ಕತೆ ಕೇಳ್ನಿಲ್ಲ” ಅಂದ. ಹತ್ತಕ್ಕೆ ಹತ್ತು ಕೊಟ್ಟ.

ದಿನಕ್ಕೆ ಒಂದೇ ವಾಕ್ಯ ಬರೆಸಿಕೊಳ್ಳುವುದು ನನ್ನಂಥವನಿಗೆ ಅವಮಾನ. ಉಳಿದದ್ದನ್ನು ನಿನಗೆ ಬರೆಯುತ್ತೇನೆ.

ಇಂತಿ,
ಹತ್ತಕ್ಕೆ ಹತ್ತು ಸಿದ್ದರಾಜು


ಬೆಂಗಳೂರು
13 ಡಿಸೆಂಬರ್ 2024

ಶಾಲಿನಿಗೆ,

ಮೊನ್ನೆ ಸಂಜೆಯಿಂದ ಜ್ವರ. ನೂರ ಮೂರು. ಡಾಕ್ಟರಿಗೆ ಖುಷಿ, ಒಳಗೆ ಕಾವಲಿನವರು ಕೆಲಸ ಶುರು ಮಾಡಿದ್ದಾರೆ ಎಂದಳು. ಖುಷಿಯ ಜೊತೆಗೇ ಓಡಾಟವೂ ಜಾಸ್ತಿಯಾಯಿತು. ಬಿ.ಪಿ. ಇಳಿಯಿತು ಎಂದು ಎರಡು ಬಾಟಲಿ ಏರಿಸಿದರು, ಯಾವುದೋ ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು. ನಿನ್ನ ಅತ್ತೆ ಹೆದರಿ ನಂಜುಂಡೇಶ್ವರನಿಗೆ ಏನೇನೋ ಹರಸಿಕೊಂಡಿದ್ದಾಳೆ. ನನ್ನ ಮೀಸೆಯನ್ನೂ ಸೇರಿಸಿದ್ದಾಳೋ ಏನೋ, ಕೇಳಿದರೆ ಹೇಳುತ್ತಿಲ್ಲ.

ನನಗೆ ಇದೊಂದು ಜ್ವರವೇ ಅಲ್ಲ. ಮೂವತ್ತೈದು ವರ್ಷ ಕೊಪ್ಪರಿಗೆ ಮುಂದೆ ನಿಂತವನು ನಾನು. ಕುದಿಯುವ ಪಾಕಕ್ಕೆ ಬೆರಳಿಟ್ಟು ಹದ ಹೇಳಿದವನಿಗೆ ನೂರ ಮೂರು ಎಂದರೆ ಬಿಸಿಲು ಕಾಯಿಸಿಕೊಂಡ ಹಾಗೆ. ತಲೆನೋವಿದೆಯಾ, ಕೈ ನಡುಗುತ್ತಿದೆಯಾ ಎಂದು ಶಿವು ಗಂಟೆಗೊಂದು ಸಲ ಕೇಳುತ್ತಾನೆ. ಇಲ್ಲ ಕಣಪ್ಪ ಇಲ್ಲ ಎಂದಿದ್ದೇನೆ. ಮುಂಚಿನ ಹದಿನಾರು ಜನರಲ್ಲಿ ಯಾರೂ ಇಷ್ಟು ಗಟ್ಟಿಯಾಗಿರಲಿಲ್ಲ ಎಂದು ಅವರ ದಾಖಲೆಯಲ್ಲಿ ಬರಬೇಕು.

ಇವತ್ತಿನ ವಾಕ್ಯ: ‘ಈ ವಾರ್ಡಿನಲ್ಲಿ ನನ್ನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ.’

ಇಂತಿ,
ಸಿದ್ದರಾಜು


ತಿ. ನರಸೀಪುರ
13 ಡಿಸೆಂಬರ್ 2024

ಮಾವ,

ಗಟ್ಟಿತನ ದಾಖಲೆಗೆ ಬೇಡ. ನೋವಿದ್ದರೆ ನೋವು ಎನ್ನು.

ಅವ್ವ ಇವತ್ತು ಅಡುಗೆಮನೆಯಿಂದ ಹೊರಗೆ ಬಂದು ಹೊಸ್ತಿಲ ಮೇಲೆ ಕೂತು ಕೇಳಿದಳು. ನೂರ ಮೂರು ಎಂದು ಓದಿದಾಗ ಇನ್ನೊಂದು ಸಲ ಓದು ಅಂದಳು. ಗಟ್ಟಿಗ ಎಂದು ಓದಿದಾಗ, “ಬಡಾಯಿ ಅಂತೂ ಇಳ್ದಿಲ್ಲ” ಅಂದು ಎದ್ದು ಹೋದಳು. ಆಮೇಲೆ ಊಟ ಮಾಡಿದಳು. ನಿನಗೆ ಜ್ವರ ಎಂದು ಅತ್ತೆ ಫೋನಿನಲ್ಲಿ ಹೇಳಿದ ಮೇಲೆ ಎರಡು ದಿನದಿಂದ ಸರಿಯಾಗಿ ಮಾಡಿರಲಿಲ್ಲ.

ಶಾಲಿನಿ


ಬೆಂಗಳೂರು
15 ಡಿಸೆಂಬರ್ 2024

ಮಾನ್ಯ ಶಾಲಿನಿಯವರಿಗೆ ಸಿದ್ದರಾಜು ಮಾಡುವ ನಮಸ್ಕಾರಗಳು.

ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ನಾನು ಅಷ್ಟಕ್ಕೆ ಯೋಗ್ಯನಲ್ಲ.

ತಮ್ಮ ತಾಯಿಯವರಿಗೆ ಒಂದು ವಿಷಯ ತಿಳಿಸಬೇಕು. ಹದ ನನ್ನದಲ್ಲ. ನನಗೆ ಹದ ಯಾವತ್ತೂ ತಿಳಿಯಲಿಲ್ಲ. ಪಾಕ ಕುದಿಯುವ ಸದ್ದು ಕೇಳಿ ಅಕ್ಕ ಬೆಲ್ಲ ಹುಯ್ಯುವ ಅಚ್ಚಿನ ಮಣೆಗಳ ಹಿಂದಿನಿಂದ ಒಂದು ಸಲ ಕೆಮ್ಮುತ್ತಿದ್ದಳು. ಆಗ ನಾನು ಬೆರಳು ಅದ್ದಿ ನೋಡಿದ ಹಾಗೆ ಮಾಡಿ ಇಳಿಸ್ರೋ ಎಂದು ಕೂಗುತ್ತಿದ್ದೆ. ಮದುವೆಯಾದ ಮೇಲೂ ಪ್ರತಿ ಸುಗ್ಗಿಗೆ ಆಳುಗಳಿಗೆ ಅಡುಗೆ ಮಾಡಲು ಎಂದು ಅವಳನ್ನು ಕರೆಸಿಕೊಳ್ಳುತ್ತಿದ್ದದ್ದು ಅಡುಗೆಗಲ್ಲ. ಹನ್ನೊಂದು ವರ್ಷದ ಹಿಂದೆ ಕೃಷಿ ಮೇಳದಲ್ಲಿ ನನಗೆ ಶಾಲು ಹೊದಿಸಿದಾಗ ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮೈಕು ನನ್ನ ಕೈಯಲ್ಲಿತ್ತು. ನಾನು ಹೇಳಲಿಲ್ಲ. ಆಮೇಲೆ ಅವಳು ಬರಲಿಲ್ಲ. ಬೆಲ್ಲ ಕೆಟ್ಟಿತು. ಕಬ್ಬಿನ ತಳಿ ಸರಿಯಿಲ್ಲ ಎಂದೆ. ಹದ ನನ್ನದಲ್ಲ. ಹದ ನನ್ನದಲ್ಲ.

ತಮ್ಮ ವಿಶ್ವಾಸಿ,
ಸಿದ್ದರಾಜು, ವಯಸ್ಸು ಐವತ್ತಾರು


ತಿ. ನರಸೀಪುರ
19 ಡಿಸೆಂಬರ್ 2024

ಮಾವ,

ಇದನ್ನು ನೀನು ಓದುವ ಹಾಗಾದ ಮೇಲೆ ಓದಿಸು ಎಂದು ಅತ್ತೆಗೆ ಹೇಳಿದ್ದೇನೆ. ನಾಲ್ಕು ದಿನದಲ್ಲಿ ಏನಾಯಿತು ಎಂದು ನಿನಗೆ ಗೊತ್ತಿರುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ನಿನ್ನ ಕಾಗದ ಬಂತು. ಯಾವತ್ತಿನ ಹಾಗೆ ಗಟ್ಟಿಯಾಗಿ ಓದಿದೆ. ಅಕ್ಷರ ದುಂಡಗೇ ಇತ್ತು, ತಪ್ಪೂ ಇರಲಿಲ್ಲ. ಮಾನ್ಯ ಎಂದದ್ದು ತಮಾಷೆ ಎಂದುಕೊಂಡೆ. ಕೆಮ್ಮಿನ ವಿಷಯವನ್ನು ಅವ್ವ ನನಗೆ ಹೇಳಿಯೇ ಇರಲಿಲ್ಲ, ಆ ಸಾಲನ್ನು ಇನ್ನೊಂದು ಸಲ ಓದಿದೆ. ಇಷ್ಟು ವರ್ಷ ಕಾದ ಮಾತು ಇದೇ ತಾನೇ, ಈಗ ಅಳುತ್ತಾಳೆ ಎಂದು ತಿರುಗಿ ನೋಡಿದೆ.

ಅವಳು ಅಳಲಿಲ್ಲ. “ಇದು ನಮ್ ಸಿದ್ದ ಬರ್ದಿದ್ದಲ್ಲ. ಅವುನ್ಗೆ ಏನೋ ಆಗೈತೆ, ಆಸ್ಪತ್ರೆಗೆ ಪೋನ್ ಮಾಡು” ಅಂದಳು. ಅತ್ತೆಗೆ ಮಾಡಿದೆ. ನೀನು ಶಾಂತವಾಗಿ ಮಲಗಿದ್ದೀಯ, ಇವತ್ತು ಎಲ್ಲರಿಗೂ ಕೈ ಮುಗಿಯುತ್ತಿದ್ದೀಯ, ಎಷ್ಟು ಒಳ್ಳೆಯವನಾಗಿದ್ದೀಯ ಎಂದಳು. ಅವ್ವ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, “ಒಳ್ಳೇವ್ನಾಗವ್ನೆ ಅಂದ್ರೆ ಡಾಕ್ಟ್ರ ಕರಿ ಮಂಗ್ಳ” ಅಂದಳು.

ಶಿವು ಬೆಳಿಗ್ಗೆ ಹತ್ತಕ್ಕೆ ಹತ್ತು ಹಾಕಿ ಹೋಗಿದ್ದ. ಆದರೂ ಡಾಕ್ಟರನ್ನು ಕರೆತಂದ. ಅವರು ಮತ್ತೆ ಪರೀಕ್ಷೆ ಮಾಡುವಷ್ಟರಲ್ಲಿ ನೀನು ಪೆನ್ನಿಗೆ ಹೆಸರು ಹೇಳಲಿಲ್ಲ. ನೂರು, ತೊಂಬತ್ತು ಎಂದು ನಿಲ್ಲಿಸಿದೆ. ಮಧ್ಯಾಹ್ನ ಐ.ಸಿ.ಯು.ಗೆ ಒಯ್ದು ಸ್ಟೀರಾಯ್ಡ್ ಶುರು ಮಾಡಿದರು. ಅಲ್ಲಿ ನಿನಗೆ ಒಂದು ಸಲ ಫಿಟ್ಸ್ ಬಂತು. ಔಷಧಿ ಆಗಲೇ ಹತ್ತಿದ್ದರಿಂದ ಬೇಗ ಹಿಡಿತಕ್ಕೆ ಬಂತು, ಎರಡು ಮೂರು ಗಂಟೆ ಮುಂಚೆ ತಿಳಿದದ್ದು ದೊಡ್ಡದಾಯಿತು ಎಂದು ಡಾಕ್ಟರು ಹೇಳಿದರಂತೆ. ಮನೆಯವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದರಂತೆ. ಅತ್ತೆ ಏನು ಹೇಳಿದಳೋ ಕಾಣೆ.

ಇವತ್ತು ನೀನು ಕಣ್ಣು ಬಿಟ್ಟು ನೀರು ಕೇಳಿದೆಯಂತೆ. ಅವ್ವನಿಗೆ ಹೇಳಿದೆ. “ಏನಂತ ಕೇಳ್ದ?” ಅಂದಳು. ಅಂದರೆ, ಸಿಡುಕಿಕೊಂಡು ಕೇಳಿದನೋ, ವಿನಯದಿಂದ ಕೇಳಿದನೋ ಎಂದು.

ಶಾಲಿನಿ


ಬೆಂಗಳೂರು
23 ಡಿಸೆಂಬರ್ 2024

ಶಾಲಿನಿಗೆ,

ಕೈ ಸ್ವಲ್ಪ ಓಲಾಡುತ್ತಿದೆ, ಅದಕ್ಕೆ ಸಾಲು ಗದ್ದೆಯ ಬದುವಿನ ಹಾಗಿದೆ. ಐ.ಸಿ.ಯು.ವಿನಿಂದ ವಾರ್ಡಿಗೆ ಬಂದಿದ್ದೇನೆ. ನಿನ್ನ ಕಾಗದ ಓದಿದೆ.

ನಾನು ಮಾನ್ಯ ಎಂದು ಬರೆದದ್ದು ನನಗೆ ನೆನಪಿಲ್ಲ. ಆ ಕಾಗದ ಬರೆದವನು ನಾನಲ್ಲ, ಔಷಧಿ. ಜ್ವರದ ತಲೆಯಲ್ಲಿ ಏನೇನೋ ಕಟ್ಟಿ ಬರೆದಿರುತ್ತೇನೆ. ಅಕ್ಕನ ಕೆಮ್ಮಂತೆ, ಅಚ್ಚಿನ ಮಣೆಯಂತೆ. ಡಾಕ್ಟರಿಗೂ ಅದನ್ನೇ ಹೇಳಿದ್ದೇನೆ. ಫೋನಿನಿಂದ ಅಳಿಸಿಹಾಕು. ಯಾರಿಗೂ ತೋರಿಸಬೇಡ, ಮುಖ್ಯವಾಗಿ ನಮ್ಮ ಊರಿನವರಿಗೆ.

ಪಕ್ಕದ ರೂಮಿಗೆ ಹತ್ತೊಂಬತ್ತನೇ ನಂಬರಿನವನು ಬಂದಿದ್ದಾನೆ. ಕರಿಯಯ್ಯ, ಮುಡುಕುತೊರೆಯವನು. ನಾಳೆ ಅವನಿಗೆ ಚೀಲ ಏರಿಸುತ್ತಾರೆ. ಹೆದರಿ ಮುದುರಿಕೊಂಡಿದ್ದ. ಹೋಗಿ ಧೈರ್ಯ ಹೇಳಿ ಬಂದೆ.

ಸಿದ್ದರಾಜು


ಬೆಂಗಳೂರು
7 ಜನವರಿ 2025

ಅಕ್ಕ ಸಾಕಮ್ಮನಿಗೆ,

ನಿನ್ನ ಮಗಳು ನನ್ನ ಹೋದ ಸಲದ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಹದಿನೈದು ದಿನವಾಯಿತು. ಹಾಗಾಗಿ ಇದು ನೇರ ನಿನಗೆ. ಶಾಲಿನಿ ಓದುತ್ತಾಳೆ, ನೀನು ಎಲ್ಲಿ ಬೇಕಾದರೂ ಕೂತುಕೋ.

ಮೊದಲು ಮುಖ್ಯವಾದದ್ದು. ನಿನ್ನೆಗೆ ಇಪ್ಪತ್ತೆಂಟು ದಿನ ತುಂಬಿತು. ಅದಕ್ಕೆ ಮುಂಚೆಯೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದ್ದರು. ಕ್ಯಾನ್ಸರ್ ಕಣ ಸದ್ಯಕ್ಕೆ ಕಾಣುತ್ತಿಲ್ಲ. ಡಾಕ್ಟರು ಹೇಳಿದ್ದು ಅಷ್ಟೇ, ನಾನು ಬರೆಯುತ್ತಿರುವುದೂ ಅಷ್ಟೇ. ವಾಸಿಯಾಯಿತು ಎಂದು ಅವರು ಹೇಳಲಿಲ್ಲ. ಮೂರು ತಿಂಗಳಿಗೆ ನೋಡಬೇಕು, ಆರು ತಿಂಗಳಿಗೆ ನೋಡಬೇಕು, ವಾಪಸು ಬರಲೂಬಹುದು.

ಇನ್ನೊಂದು ವಿಷಯ. ನನಗೆ ಪ್ರಜ್ಞೆ ಬಂದ ಮೇಲೆ ನಂದಿತಾ ಡಾಕ್ಟರು ದಾಖಲೆಯ ಪುಸ್ತಕ ಹಿಡಿದು ಬಂದಿದ್ದರು. ಆ ಭಾನುವಾರದ ಕಾಗದದಲ್ಲಿ ಬರೆದದ್ದು ನಿಜವೋ ಭ್ರಮೆಯೋ ಎಂದು ಕೇಳಿದರು. ಭ್ರಮೆ ಎಂದೆ. ಅದಕ್ಕೂ ಮುಂಚೆ ತಲೆನೋವು, ನಡುಕ ಇತ್ತಾ ಎಂದರು. ಇಲ್ಲ ಎಂದೆ. ಬರೆದುಕೊಂಡು ಹೋದರು.

ಆಮೇಲೆ ಕರಿಯಯ್ಯನಿಗೆ ಚೀಲ ಏರಿಸಿದರು. ಐದನೇ ದಿನ, ನನ್ನನ್ನು ವಾರ್ಡಿನಿಂದ ಆಸ್ಪತ್ರೆ ಪಕ್ಕದ ಬಾಡಿಗೆ ರೂಮಿಗೆ ಕಳಿಸುವ ಮುಂಚಿನ ದಿನ, ಅವನ ರೂಮಿಗೆ ಹೋದೆ. ದೀಪ ಆರಿಸಿಕೊಂಡು ಹಣೆ ಒತ್ತಿಕೊಳ್ಳುತ್ತಿದ್ದ. ಶಿವು ಬಾಗಿಲಲ್ಲಿ ನಿಂತು ತಲೆನೋವಿದೆಯಾ ಎಂದಾಗ ಎದ್ದು ಕೂತು ಇಲ್ಲ ಎಂದ. ಶಿವು ಹೋದ ಮೇಲೆ ನನ್ನ ಕಡೆ ತಿರುಗಿ ನಕ್ಕ. “ನಿಮ್ಮಂಗೇ ತಡ್ಕಂಡಿವ್ನಿ ಸಿದ್ರಾಜಣ್ಣ. ನೀವೇಳ್ದಂಗೇ ಬಾಯ್ಬುಡ್ನಿಲ್ಲ” ಅಂದ.

ಅಕ್ಕ, ನಾನು ಅವನಿಗೆ ಹೇಳಿದ್ದ ಧೈರ್ಯ ಅದು. ನನಗೆ ಏನೂ ಆಗಲಿಲ್ಲ, ಗಟ್ಟಿಗನಾದರೆ ತಡೆದುಕೊಳ್ಳಬಹುದು, ಇವರ ಮುಂದೆ ನೋವು ಎಂದರೆ ನಮ್ಮ ಕಡೆಯವರ ಮರ್ಯಾದೆ ಹೋಗುತ್ತದೆ ಎಂದು ಹೇಳಿದ್ದೆ. ಐ.ಸಿ.ಯು. ವಿಷಯ ಹೇಳಿಯೇ ಇರಲಿಲ್ಲ.

ಖಾಲಿ ಬಾಟಲಿ ಸ್ಟ್ಯಾಂಡನ್ನೇ ಊರುಗೋಲಾಗಿ ಹಿಡಿದುಕೊಂಡು ಕಾರಿಡಾರಿನಲ್ಲಿ ಶಿವುವನ್ನು ಕೂಗುತ್ತ ಹೋದೆ. ಕರಿಯಯ್ಯನಿಗೆ ತಲೆನೋವಿದೆ, ಸುಳ್ಳು ಹೇಳುತ್ತಿದ್ದಾನೆ, ಆ ಸುಳ್ಳನ್ನು ಕಲಿಸಿದವನು ನಾನು ಎಂದೆ. ಅವನಿಗೆ ಆಗಲೇ ಔಷಧಿ ಶುರು ಮಾಡಿದರು. ಈಗ ಚೆನ್ನಾಗಿದ್ದಾನೆ. ಮಾತಾಡಿಸಿದರೆ ಮುಖ ತಿರುಗಿಸುತ್ತಾನೆ, ಅದೂ ಸರಿಯೇ.

ಆಮೇಲೆ ನಂದಿತಾ ಡಾಕ್ಟರನ್ನು ಕರೆದು ಕೂರಿಸಿ ನನ್ನ ದಾಖಲೆ ತಿದ್ದಿಸಿದೆ. ತಲೆನೋವು ಹದಿಮೂರನೇ ತಾರೀಕು ಬೆಳಿಗ್ಗೆಯಿಂದಲೇ ಇತ್ತು. ಹದಿನಾಲ್ಕಕ್ಕೆ ಕೈ ನಡುಗುತ್ತಿತ್ತು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಬರೆದೆ. ಕಾಗದದಲ್ಲಿ ಇದ್ದದ್ದು ಭ್ರಮೆಯಲ್ಲ, ಒಂದೊಂದು ಮಾತೂ ನಿಜ. ಭ್ರಮೆಯಾದದ್ದು ನಾನು ಅದನ್ನು ಹೇಳಿಬಿಟ್ಟದ್ದು ಮಾತ್ರ. “ಮುಂದಿನವರಿಗೆ ಇದು ತುಂಬ ಬೇಕಾಗತ್ತೆ ಸಿದ್ದರಾಜು ಅವರೇ” ಎಂದರು. ಇನ್ನು ಮೇಲೆ ಅಂಕ ಒಂದನ್ನೇ ನಂಬದೆ, ಇವರು ಎಂದಿನ ಹಾಗೆ ಇದ್ದಾರಾ ಎಂದು ಮನೆಯವರನ್ನೂ ದಿನಾ ಕೇಳುತ್ತಾರಂತೆ. ಹಾಗೆಂದು ಬರೆದುಕೊಂಡರು.

ಇವತ್ತು ಆಸ್ಪತ್ರೆಗೆ ಹೋದಾಗ ಶಿವು ಕೊನೆಯ ಪರೀಕ್ಷೆ ಮಾಡಿದ. ವರ್ಷ, ತಿಂಗಳು, ಊರು, ಆಸ್ಪತ್ರೆ, ಪೆನ್ನು, ಗಡಿಯಾರ, ಗುಂಡಿ, ನಾಲಿಗೆ, ನೂರರಿಂದ ಹತ್ತರವರೆಗೆ. ವಾಕ್ಯ ಬರೆಯಿರಿ ಎಂದ. ‘ಬೆಲ್ಲದ ಹದ ಕಂಡವಳು ನನ್ನ ಅಕ್ಕ ಸಾಕಮ್ಮ, ಅವಳ ಹೆಸರಿನ ಶಾಲು ಹೊದ್ದವನು ನಾನು’ ಎಂದು ಬರೆದೆ. ಅವನು ಓದಿದ, ತಮಾಷೆ ಮಾಡಲಿಲ್ಲ. ಹತ್ತಕ್ಕೆ ಹತ್ತು ಹಾಕಿ ಸಹಿ ಮಾಡಿದ. ಆ ಹಾಳೆಯ ಫೋಟೊ ಈ ಕಾಗದದ ಜೊತೆಗಿದೆ. ಈ ಸಲ ಔಷಧಿ ಬರೆಯಿತು ಎನ್ನಲು ನನಗೆ ದಾರಿಯಿಲ್ಲ.

ನೀನು ಅಡುಗೆಮನೆಗೆ ಎದ್ದು ಹೋದರೂ ಬೇಜಾರಿಲ್ಲ. ಪೂರ್ತಿ ಕೇಳಿದ ಮೇಲೆ ಹೋಗು.

ನಿನ್ನ ತಮ್ಮ,
ಸಿದ್ದರಾಜು


ತಿ. ನರಸೀಪುರ
12 ಜನವರಿ 2025

ಸಿದ್ದನಿಗೆ ಸಾಕಮ್ಮ ಬರೆಯುವುದು.

ಶಾಲಿನಿ ಬರೆದುಕೊಡುತ್ತೇನೆ ಅಂದಳು. ನಾನೂ ನಾಲ್ಕನೇ ಕ್ಲಾಸು ಓದಿದವಳು, ನಾನೇ ಬರೆಯುತ್ತೇನೆ ಅಂದೆ. ಮೂರು ದಿನ ಹಿಡಿಯಿತು.

ನೀನು ಬರೆದದ್ದು ಎಲ್ಲ ಕೇಳಿದೆ. ಹಾಳೆಯನ್ನೂ ನೋಡಿದೆ. ನನ್ನ ಹೆಸರು ಸರಿಯಾಗಿ ಬರೆದಿದ್ದೀಯ. ಎದ್ದು ಹೋಗಲಿಲ್ಲ.

ಆ ಭಾನುವಾರ ನೀನು ನನ್ನ ಬಗ್ಗೆ ಒಳ್ಳೆಯ ಮಾತು ಬರೆದಾಗ ನನಗೆ ಸಂತೋಷವೇ ಆಗಲಿಲ್ಲ ಕಣೋ. ಕೈಕಾಲು ತಣ್ಣಗಾಯಿತು. ಈ ಸಲದ ಕಾಗದ ಓದುವಾಗಲೂ ಮೊದಲು ಹಾಗೇ ಆಯಿತು. ಪೂರ್ತಿ ಕೇಳಿದ ಮೇಲೂ ಸಮಾಧಾನ ಆಗದೆ ಮಂಗಳಗೌರಿಗೆ ಫೋನ್ ಮಾಡಿಸಿ, ಅವನು ನೆಟ್ಟಗಿದ್ದಾನಾ ಎಂದು ಕೇಳಿದೆ. ಡಾಕ್ಟರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದು ಜಗಳ ಮಾಡುತ್ತಿದ್ದಾನೆ ಅಂದಳು. ಆಮೇಲೆ ಸಂತೋಷಪಟ್ಟೆ.

ಡಾಕ್ಟರಮ್ಮನ ಹತ್ತಿರ ಸುಳ್ಳು ಹೇಳಬೇಡ. ಮೂರು ತಿಂಗಳು, ಆರು ತಿಂಗಳು ಅವರು ಕರೆದಾಗಲೆಲ್ಲ ಹೋಗು. ನನಗೆ ವಾರಕ್ಕೊಂದು ಕಾಗದ ಬರಿ. ಅದರಲ್ಲಿ ಒಂದಾದರೂ ಬಡಾಯಿ ಇರಲಿ, ಓದಿಸಿಕೊಂಡು ನಾನು ನೆಮ್ಮದಿಯಾಗಿ ಊಟ ಮಾಡುತ್ತೇನೆ.

ಸಾಕಮ್ಮ